ತಾಯಂದಿರ ಓದುಕೂಟಕ್ಕೆ ತಿಂಗಳ ಪುಸ್ತಕ

(ಓದುಕೂಟಗಳನ್ನು ನಡೆಸುವ ತಾಯಂದಿರಿಗಾಗಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ತಾಯಂದಿರು ಸೇರಿ ಓದುಕೂಟ ಆರಂಭಿಸುವುದು ಕಷ್ಟದ ಕೆಲಸವಲ್ಲ. ಮಕ್ಕಳನ್ನು ಶಾಲೆಗೆ ಬಿಡಲು ಬಂದಾಗ ಪರಿಚಯವಾದವರೋ, ಒಂದೇ ಕಚೇರಿಯಲ್ಲಿ ದುಡಿಯುವವರೋ, ಹಳೆಯ ಸಹಪಾಠಿಗಳೋ ಮಾತಿನ ನಡುವೆ ಪುಸ್ತಕದ ಪ್ರಸ್ತಾಪ ತೆಗೆದು, ತಿಂಗಳಿಗೊಮ್ಮೆ ಸೇರೋಣವೆಂದು ತೀರ್ಮಾನಿಸುತ್ತಾರೆ. ಮೊದಲ ಎರಡು ಮೂರು ಸಭೆಗಳು ಉತ್ಸಾಹದಲ್ಲೇ ನಡೆದುಹೋಗುತ್ತವೆ. ಆಮೇಲೆ ಪುಸ್ತಕ ಮುಗಿಸದೆ ಬರುವವರು ಹೆಚ್ಚಾಗುತ್ತಾರೆ, ಮುಗಿಸಿಲ್ಲವೆಂಬ ಸಂಕೋಚದಿಂದ ಬಾರದೆ ಉಳಿಯುವವರು ಅವರಿಗಿಂತಲೂ ಹೆಚ್ಚಾಗುತ್ತಾರೆ, ಬಂದವರ ಮಾತು ಪುಸ್ತಕವನ್ನು ಹತ್ತು ನಿಮಿಷದಲ್ಲಿ ದಾಟಿ ಮಕ್ಕಳ ಅಂಕಗಳತ್ತ ಹೊರಳುತ್ತದೆ. ಇದಕ್ಕೆ ಸದಸ್ಯೆಯರ ನಿರಾಸಕ್ತಿಯನ್ನು ದೂರುವುದು ರೂಢಿ. ಆ ದೂರು ಅನ್ಯಾಯದ್ದೆಂದು ನಾನು ತಿಳಿದಿದ್ದೇನೆ. ಕೂಟ ಸೊರಗುವುದಕ್ಕೆ ಬಹಳ ಸಲ ಕಾರಣವಾಗುವುದು ಪುಸ್ತಕವನ್ನು ಆರಿಸಿದ ರೀತಿ.

ಪುಸ್ತಕ ಸೂಚಿಸುವಾಗ ನಾವೆಲ್ಲ ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ ಇದು ಒಳ್ಳೆಯ ಪುಸ್ತಕವೇ ಎಂಬುದು. ಒಬ್ಬರೇ ಕುಳಿತು ಓದುವುದಕ್ಕಾದರೆ ಆ ಪ್ರಶ್ನೆ ಸಾಕು. ಕೂಟಕ್ಕಾಗಿ ಆರಿಸುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ: ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಬಿಡುವಿರುವ ತಾಯಿ ಇದನ್ನು ಓದಿ ಬಂದು, ತನ್ನದೇ ಆದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲಳೇ? ಈ ಪ್ರಶ್ನೆಗೆ ಹೌದೆಂದು ಉತ್ತರಿಸುವ ಪುಸ್ತಕಗಳು ಹಗುರವಾದ ಪುಸ್ತಕಗಳೇ ಆಗಬೇಕೆಂದಿಲ್ಲ. ಎಷ್ಟೋ ಗಂಭೀರ ಕೃತಿಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ, ಎಷ್ಟೋ ಜನಪ್ರಿಯ ಕೃತಿಗಳು ಸೋಲುತ್ತವೆ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲಿನ ವಿಚಾರ.

ತಾಯಂದಿರ ಕೂಟವೆಂದ ಕೂಡಲೇ ಮಕ್ಕಳ ಪಾಲನೆಯನ್ನು ಕುರಿತ ಕೈಪಿಡಿಗಳು ಪಟ್ಟಿಯ ಮೊದಲ ಸಾಲಿಗೆ ಬಂದುಬಿಡುತ್ತವೆ. ಅವು ಉಪಯುಕ್ತವಾಗಿರಬಹುದು, ಬೇಕಾದವರು ಬೇಕಾದಾಗ ಓದಿಕೊಳ್ಳಲಿ. ಆದರೆ ಕೂಟದ ಚರ್ಚೆಗೆ ಅವು ಒಗ್ಗುವುದಿಲ್ಲ. ಕೈಪಿಡಿಯನ್ನು ಕೈಗೆತ್ತಿಕೊಂಡ ಪ್ರತಿಯೊಬ್ಬ ತಾಯಿಯೂ ತಾನು ಪರೀಕ್ಷೆಗೆ ಕುಳಿತವಳಂತೆ ಓದುತ್ತಾಳೆ. ಪುಟಪುಟಕ್ಕೂ ನಾನು ಹೀಗೆ ಮಾಡಿದೆನೇ, ಮಾಡಬಾರದ್ದನ್ನು ಮಾಡಿಬಿಟ್ಟೆನೇ ಎಂಬ ಲೆಕ್ಕ ನಡೆಯುತ್ತದೆ. ಅಂಥ ಹತ್ತು ಮಂದಿ ಒಟ್ಟಿಗೆ ಕುಳಿತಾಗ ಹುಟ್ಟುವುದು ಹೋಲಿಕೆ. ಯಾರ ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ಯಾರ ಮಗ ಮೊಬೈಲನ್ನು ಎಷ್ಟು ಹೊತ್ತು ನೋಡುತ್ತಾನೆ ಎಂಬ ಮಾತು ಬಂದ ಮೇಲೆ, ಮನೆಯಲ್ಲಿ ತೊಂದರೆ ಇರುವವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್‌ವೇ ಪ್ರಣಯ ಕಾದಂಬರಿಗಳ ಓದುಗರನ್ನು ಮಾತನಾಡಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ಅವರು ಮಾತನಾಡಿಸಿದವರಲ್ಲಿ ಹೆಚ್ಚಿನವರು ಗೃಹಿಣಿಯರು, ತಾಯಂದಿರು. ಏನನ್ನು ಓದುತ್ತೇವೆ ಎಂಬುದಷ್ಟೇ ಅಲ್ಲದೆ, ಓದುತ್ತ ಕೂರುವ ಆ ಕ್ರಿಯೆಯೇ ಅವರಿಗೆ ಮುಖ್ಯವಾಗಿತ್ತು. ಇತರರ ಬೇಡಿಕೆಗಳಿಗೆ ಓಗೊಡುತ್ತಲೇ ದಿನ ಕಳೆಯುವವರಿಗೆ ಅದು ತಮ್ಮದೆಂದು ಹೇಳಿಕೊಳ್ಳಬಹುದಾದ ಹೊತ್ತಾಗಿತ್ತು. ಅಂಥ ಹೊತ್ತಿಗೆ ಮತ್ತೆ ಮನೆಯ ಕರ್ತವ್ಯಗಳ ಪಟ್ಟಿಯನ್ನೇ ಕೊಡುವುದು ಸರಿಯಲ್ಲ. ತಾಯಂದಿರು ವಿಜ್ಞಾನವನ್ನು, ಚರಿತ್ರೆಯನ್ನು, ಪ್ರವಾಸ ಕಥನವನ್ನು, ಪತ್ತೇದಾರಿ ಕಾದಂಬರಿಯನ್ನು ಓದುವ ಹಕ್ಕುಳ್ಳವರು ಎಂಬುದನ್ನು ಮೊದಲ ವರ್ಷದ ಪಟ್ಟಿಯೇ ತೋರಿಸಿಕೊಡಬೇಕು.

ಹಾಗೆಂದು ತಾಯ್ತನದ ವಸ್ತುವನ್ನೇ ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಯಾವ ಕಡೆಯಿಂದ ನೋಡಿದ ಪುಸ್ತಕ ಬೇಕು ಎಂಬುದನ್ನು ಯೋಚಿಸಬೇಕಾಗುತ್ತದೆ. ಒಂದೇ ಕೂಟದಲ್ಲಿ ಆರು ತಿಂಗಳ ಕೂಸಿನ ತಾಯಿಯೂ ಕಾಲೇಜಿಗೆ ಹೋಗುವ ಮಗಳ ತಾಯಿಯೂ ಇರುತ್ತಾರೆ. ಎಳೆಮಗುವಿನ ಕಥೆ ಒಬ್ಬರಿಗೆ ಇಂದಿನ ಬದುಕು, ಇನ್ನೊಬ್ಬರಿಗೆ ಮರೆತ ಕಾಲ. ಆದರೆ ಸೇರಿದವರೆಲ್ಲರೂ ಯಾರೋ ಒಬ್ಬರ ಮಗಳಂತೂ ಹೌದು. ಆದ್ದರಿಂದ ಬೆಳೆದ ಮಗಳ ಕಣ್ಣಿನಿಂದ ತಾಯಿಯನ್ನು ಕಂಡ ಕೃತಿಗಳು ಎಲ್ಲರಿಗೂ ಸಮಾನವಾದ ನೆಲವನ್ನು ಒದಗಿಸುತ್ತವೆ. 2022ರ ನೊಬೆಲ್ ಪುರಸ್ಕಾರ ಪಡೆದ ಫ್ರೆಂಚ್ ಲೇಖಕಿ ಆನಿ ಎರ್ನೋ ತಮ್ಮ ತಾಯಿ ತೀರಿಕೊಂಡ ಮೇಲೆ ಅವರ ಬದುಕನ್ನು ಕುರಿತು ಒಂದು ಪುಟ್ಟ ಪುಸ್ತಕ ಬರೆದರು. ತಾಯಿಯನ್ನು ದೇವತೆಯಾಗಿಸದೆ, ದೂರಿನ ಧ್ವನಿಯನ್ನೂ ತೆಗೆಯದೆ, ದುಡಿಯುವ ವರ್ಗದಿಂದ ಬಂದ ಒಬ್ಬ ಹೆಂಗಸಿನ ಜೀವನವನ್ನು ಆ ಪುಸ್ತಕ ನೇರವಾಗಿ ಕಾಣಿಸುತ್ತದೆ. ಇಂಥ ಓದಿನ ನಂತರ ನಡೆಯುವ ಮಾತುಕತೆಯಲ್ಲಿ ಮಕ್ಕಳ ಹೋಲಿಕೆಗೆ ಅವಕಾಶವೇ ಇರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಾಯಿಯನ್ನು ಒಬ್ಬ ವ್ಯಕ್ತಿಯಾಗಿ ನೋಡತೊಡಗುತ್ತಾರೆ.

ಇನ್ನು ಸಮಯದ ಮಾತು. ಪುಸ್ತಕದ ಗಾತ್ರವನ್ನು ಚರ್ಚಿಸುವುದು ಸಾಹಿತ್ಯಕ್ಕೆ ಅಗೌರವ ಎಂದು ಭಾವಿಸುವವರಿದ್ದಾರೆ. ಈ ಭಾವನೆಯನ್ನು ಬಿಡದ ಹೊರತು ತಾಯಂದಿರ ಕೂಟ ಉಳಿಯುವುದಿಲ್ಲ. ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬರ್ಟ್ 190 ಅಧ್ಯಯನಗಳನ್ನು ಕ್ರೋಡೀಕರಿಸಿ 2019ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ವಯಸ್ಕರು ಇಂಗ್ಲಿಷನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ ಕಥೇತರ ಬರಹದಲ್ಲಿ 238 ಪದ, ಕಥೆ ಕಾದಂಬರಿಗಳಲ್ಲಿ 260 ಪದ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಂಡು ಪದ ಉದ್ದವಾಗುವುದರಿಂದ ಆ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಲಾಗದು. ಅದಕ್ಕಿಂತ ಸರಳವಾದ ದಾರಿಯಿದೆ. ಆರಿಸಬೇಕೆಂದಿರುವ ಪುಸ್ತಕದ ನಡುವಿನ ಹತ್ತು ಪುಟಗಳನ್ನು ಗಡಿಯಾರ ಇಟ್ಟುಕೊಂಡು ಓದಿ ನೋಡುವುದು. ಪುಟಕ್ಕೆ ಎರಡು ನಿಮಿಷ ಹಿಡಿಯಿತೆಂದು ಇಟ್ಟುಕೊಳ್ಳೋಣ. ಮಗು ಮಲಗಿದ ಮೇಲೆ ರಾತ್ರಿ ಹದಿನೈದು ನಿಮಿಷ ಓದಬಲ್ಲ ತಾಯಿಗೆ ತಿಂಗಳಲ್ಲಿ ಇಪ್ಪತ್ತು ರಾತ್ರಿಗಳು ದಕ್ಕಿದರೆ ಒಟ್ಟು 300 ನಿಮಿಷ, ಅಂದರೆ 150 ಪುಟ. 400 ಪುಟಗಳ ಕಾದಂಬರಿಗೆ 800 ನಿಮಿಷ ಬೇಕು. ಅದೇ ತಾಯಿಗೆ ಅದು 53 ರಾತ್ರಿಗಳಿಗೂ ಹೆಚ್ಚಿನ ಕೆಲಸ. ಇಷ್ಟು ಲೆಕ್ಕ ಹಾಕಿದ ಮೇಲೆ, ಆಕೆ ಓದಿ ಮುಗಿಸಲಿಲ್ಲವೆಂದು ಬೇಸರಿಸುವುದಕ್ಕೆ ನಮಗೆ ಯಾವ ಆಧಾರವೂ ಉಳಿಯುವುದಿಲ್ಲ. ದೊಡ್ಡ ಕಾದಂಬರಿಯನ್ನು ಓದಲೇಬೇಕೆಂದು ಕೂಟ ಬಯಸಿದರೆ ಅದನ್ನು ಎರಡು ಅಥವಾ ಮೂರು ತಿಂಗಳಿಗೆ ಹಂಚಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅಧ್ಯಾಯ ಹೆಸರಿಸಿ ಮೊದಲೇ ತಿಳಿಸಬೇಕು. ಹೀಗೆ ಹಂಚಿದಾಗ ಇನ್ನೊಂದು ಲಾಭವೂ ಇದೆ: ಕಥೆಯ ಕೊನೆ ಯಾರಿಗೂ ತಿಳಿಯದ ಸ್ಥಿತಿಯಲ್ಲಿ ನಡೆಯುವ ಮಧ್ಯದ ಚರ್ಚೆ ಬಹಳ ಜೀವಂತವಾಗಿರುತ್ತದೆ.

ಪುಟಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಪುಸ್ತಕದ ಮೈಕಟ್ಟು. ಹಾಲುಣಿಸುವ ತಾಯಿಗೆ ಒಂದು ಕೈ ಮಾತ್ರ ಬಿಡುವು. ದಪ್ಪ ರಟ್ಟಿನ, ಬಿಗಿಯಾಗಿ ಹೊಲಿದ ಪುಸ್ತಕ ಒಂದು ಕೈಯಲ್ಲಿ ತೆರೆದು ನಿಲ್ಲುವುದಿಲ್ಲ. ಹೆಬ್ಬೆರಳನ್ನು ನಡುವೆ ಒತ್ತಿ ಹಿಡಿದು ಎರಡು ಪುಟ ಓದುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ, ಪುಟ ತಿರುಗಿಸಲು ಹೋದರೆ ಮಗುವಿಗೆ ಎಚ್ಚರವಾಗುತ್ತದೆ. ಮಂದ ಬೆಳಕಿನಲ್ಲಿ ಸಣ್ಣ ಅಕ್ಷರಗಳನ್ನು ಓದುವ ಪ್ರಯಾಸ ಬೇರೆ. ತೆಳುವಾದ ಕಾಗದದ ರಕ್ಷಾಪುಟವುಳ್ಳ ಪುಸ್ತಕ, ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಬಹುದಾದ ಇ-ಪುಸ್ತಕ, ಕೆಲಸ ಮಾಡುತ್ತಲೇ ಕೇಳಬಹುದಾದ ಆಡಿಯೋ ಪುಸ್ತಕ ಇವುಗಳಲ್ಲಿ ಯಾವುದಾದರೂ ಒಂದು ರೂಪದಲ್ಲಿ ಸಿಗುವ ಕೃತಿಗೆ ಆದ್ಯತೆ ಕೊಡುವುದು ಒಳ್ಳೆಯದು. ಕೇಳಿದವರನ್ನು ಓದಿದವರೆಂದೇ ಎಣಿಸಬೇಕು. ಅದರ ಬಗ್ಗೆ ಕೂಟದಲ್ಲಿ ಎರಡು ಮಾತು ಬರಬಾರದು. ಪ್ರತಿಗಳು ಸಿಗುವುದೇ ಕಷ್ಟವಾಗಿರುವ ಪುಸ್ತಕವನ್ನು, ಅದು ಎಷ್ಟೇ ಶ್ರೇಷ್ಠವಾಗಿದ್ದರೂ, ಆರಿಸದಿರುವುದೇ ಲೇಸು. ಸ್ಕ್ಯಾನ್ ಮಾಡಿದ ಪ್ರತಿಯನ್ನು ವಾಟ್ಸಾಪ್‌ನಲ್ಲಿ ಹಂಚಿಕೊಂಡರಾಯಿತು ಎಂಬ ಸಲಹೆ ಪ್ರತಿ ಕೂಟದಲ್ಲೂ ಬರುತ್ತದೆ. ಯಾರ ಬರಹವನ್ನು ಪ್ರೀತಿಸಿ ಸೇರಿದ್ದೇವೆಯೋ ಅವರ ಸಂಪಾದನೆಗೇ ಅದು ಕುತ್ತು ತರುತ್ತದೆ ಎಂದು ನಯವಾಗಿ ಹೇಳಿ ಆ ಸಲಹೆಯನ್ನು ಬದಿಗಿಡಬೇಕು.

ಈಗ ಅತ್ಯಂತ ಮುಖ್ಯವಾದ ಅಂಶಕ್ಕೆ ಬರುತ್ತೇನೆ. ಎಲ್ಲರಿಗೂ ಇಷ್ಟವಾಗುವ ಪುಸ್ತಕ ಚರ್ಚೆಗೆ ಒಳ್ಳೆಯದೆಂದು ತೋರಬಹುದು. ವಾಸ್ತವದಲ್ಲಿ ಅಂಥ ಪುಸ್ತಕದ ಸಭೆ ಬೇಗ ಮುಗಿಯುತ್ತದೆ. ತುಂಬ ಚೆನ್ನಾಗಿತ್ತು, ಕಣ್ಣಲ್ಲಿ ನೀರು ಬಂತು, ಭಾಷೆ ಸೊಗಸಾಗಿದೆ ಎಂಬ ಮಾತುಗಳಾದ ಮೇಲೆ ಇನ್ನೇನೂ ಉಳಿಯುವುದಿಲ್ಲ. ಓದಿದವರು ಪ್ರಾಮಾಣಿಕವಾಗಿ ಬೇರೆ ಬೇರೆ ತೀರ್ಮಾನಕ್ಕೆ ಬರಬಹುದಾದ ಜಾಗವನ್ನು ಕಥೆಯೊಳಗೇ ಬಿಟ್ಟಿರುವ ಪುಸ್ತಕ ನಮಗೆ ಬೇಕು. ತ್ರಿವೇಣಿಯವರ ‘ಶರಪಂಜರ’ವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಸುತ್ತಲಿನವರು ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ, ಕೊನೆಗೆ ಅವಳ ಮನಸ್ಸು ಮತ್ತೆ ಮುರಿಯುತ್ತದೆ. ಈ ಕಾದಂಬರಿಯನ್ನು ಮುಂದಿಟ್ಟುಕೊಂಡು ಇಷ್ಟವಾಯಿತೇ ಎಂದು ಕೇಳಿದರೆ ಒಂದೊಂದು ವಾಕ್ಯದ ಉತ್ತರಗಳು ಬರುತ್ತವೆ. ಅದರ ಬದಲು, ಅವಳು ಮನೆಗೆ ಮರಳಿದ ಮೊದಲ ದಿನಗಳಲ್ಲಿ ಮನೆಯವರು ತೋರಿದ ಅತಿಯಾದ ಎಚ್ಚರಿಕೆಯಲ್ಲಿ ಕಾಳಜಿ ಎಷ್ಟು, ಅಪನಂಬಿಕೆ ಎಷ್ಟು ಎಂದು ಕೇಳಿ ನೋಡಿ. ಆ ಎಚ್ಚರಿಕೆ ಸಹಜವೆಂದು ಒಬ್ಬರು ಹೇಳುತ್ತಾರೆ, ಅದೇ ಅವಳನ್ನು ಮುರಿಯಿತೆಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರೂ ಪುಸ್ತಕ ತೆರೆದು ತಮ್ಮ ಮಾತಿಗೆ ಆಧಾರವಾದ ಪುಟವನ್ನು ಹುಡುಕತೊಡಗುತ್ತಾರೆ. ಪುಸ್ತಕ ತೆರೆದು ಪುಟ ಹುಡುಕುವ ಆ ಗಳಿಗೆ ಬಂತೆಂದರೆ ಆಯ್ಕೆ ಸರಿಯಾಗಿತ್ತೆಂದೇ ಅರ್ಥ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಲನಚಿತ್ರವಾಗಿಸಿದ್ದರಿಂದ, ಚಿತ್ರವನ್ನು ನೋಡಿದವರು ಅದನ್ನೇ ನೆನೆದು ಮಾತನಾಡುವ ಸಾಧ್ಯತೆಯೂ ಇದೆ. ಚಿತ್ರವಾಗಿರುವ ಯಾವುದೇ ಕೃತಿಯನ್ನು ಆರಿಸುವಾಗ, ಚರ್ಚೆ ಪುಸ್ತಕದ್ದೋ ಎರಡರದ್ದೋ ಎಂಬುದನ್ನು ಮೊದಲೇ ತಿಳಿಸಿಬಿಡಬೇಕು.

ಇದರಿಂದ ಒಂದು ಸುಲಭವಾದ ಪರೀಕ್ಷೆ ಹೊಳೆಯುತ್ತದೆ. ಪುಸ್ತಕವನ್ನು ಸೂಚಿಸುವವರು ಅದರ ಬಗ್ಗೆ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಬರಲಿ, ಆ ಮೂರಕ್ಕೂ ಅವರಿಗೇ ಖಚಿತವಾದ ಉತ್ತರ ತಿಳಿದಿರಬಾರದು. ಲೇಖಕಿ ಏನು ಸಂದೇಶ ಕೊಡುತ್ತಾರೆ ಎಂಬ ಬಗೆಯ ಪ್ರಶ್ನೆ ಇಲ್ಲಿ ನಡೆಯದು; ಅದು ಶಾಲೆಯ ಪ್ರಶ್ನೆಪತ್ರಿಕೆಗೆ ಸೇರಿದ್ದು. ಪಾತ್ರ ಹೀಗೇಕೆ ನಡೆದುಕೊಂಡಿತು, ಈ ವಿಷಯವನ್ನು ಲೇಖಕರು ಹೇಳದೆ ಬಿಟ್ಟದ್ದೇಕೆ, ಆ ಜಾಗದಲ್ಲಿ ಬೇರೆ ದಾರಿ ಇತ್ತೇ ಎಂಬಂಥ ಪ್ರಶ್ನೆಗಳು ಬೇಕು. ಇಷ್ಟಪಟ್ಟು ಓದಿದ ಪುಸ್ತಕಕ್ಕೂ ಮೂರು ಪ್ರಶ್ನೆ ಹುಟ್ಟದಿದ್ದರೆ ಅದನ್ನು ಗೆಳತಿಯರಿಗೆ ಓದಲು ಕೊಡಬಹುದು, ಕೂಟಕ್ಕೆ ಬೇಡ.

‘ಶರಪಂಜರ’ದ ಮಾತು ಬಂದದ್ದರಿಂದ ಇನ್ನೊಂದು ಸೂಕ್ಷ್ಮವನ್ನು ಇಲ್ಲೇ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಾದ್ಯಂತ ಹೆರಿಗೆಯಾದ ತಾಯಂದಿರಲ್ಲಿ ಸುಮಾರು ಶೇ. 13ರಷ್ಟು ಮಂದಿ ಮಾನಸಿಕ ತೊಂದರೆಗೆ, ಮುಖ್ಯವಾಗಿ ಖಿನ್ನತೆಗೆ, ಒಳಗಾಗುತ್ತಾರೆ. ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಮಾಣ ಶೇ. 19.8. ಹತ್ತು ಮಂದಿಯ ಕೂಟದಲ್ಲಿ ಒಬ್ಬರಾದರೂ ಅದನ್ನು ಅನುಭವಿಸಿರುವ ಸಂಭವ ಹೆಚ್ಚು, ಬಹುಶಃ ಯಾರಿಗೂ ಹೇಳಿಕೊಂಡಿರಲಾರರು. ಗರ್ಭಪಾತದ, ಮಗುವನ್ನು ಕಳೆದುಕೊಂಡ ನೋವನ್ನು ಹೊತ್ತವರೂ ಇರಬಹುದು. ಈ ಕಾರಣಕ್ಕೆ ಇಂಥ ವಸ್ತುವಿನ ಪುಸ್ತಕಗಳನ್ನೆಲ್ಲ ಕೈಬಿಡಬೇಕೆಂದು ನಾನು ಹೇಳಲಾರೆ. ಅವರ ಬದುಕಿನಲ್ಲಿ ನಡೆದದ್ದನ್ನು ಸಾಹಿತ್ಯವೂ ಮುಚ್ಚಿಟ್ಟರೆ ಅದು ಇನ್ನೊಂದು ಬಗೆಯ ಬಹಿಷ್ಕಾರವಾದೀತು. ಆದರೆ ಕೂಟ ಹುಟ್ಟಿದ ಮೊದಲ ತಿಂಗಳುಗಳಲ್ಲಿ, ಸದಸ್ಯೆಯರು ಒಬ್ಬರನ್ನೊಬ್ಬರು ಇನ್ನೂ ಅರಿಯದಿರುವಾಗ, ಅಂಥ ಪುಸ್ತಕ ಬೇಡ. ಆರಿಸುವಾಗ ಕಥೆಯಲ್ಲಿ ಏನಿದೆ ಎಂಬುದನ್ನು ಒಂದು ಸಾಲಿನಲ್ಲಿ ಮುಂಚಿತವಾಗಿ ತಿಳಿಸಬೇಕು, ಬೇಡವೆನ್ನಿಸಿದವರು ಕಾರಣ ಹೇಳದೆಯೇ ಸಂಚಾಲಕಿಗೆ ಖಾಸಗಿಯಾಗಿ ತಿಳಿಸುವ ಅವಕಾಶವಿರಬೇಕು. ಯಾರು ಬೇಡವೆಂದರು ಎಂಬುದು ಸಂಚಾಲಕಿಯಲ್ಲೇ ಉಳಿಯಬೇಕು. ಆ ವಿಶ್ವಾಸ ಒಮ್ಮೆ ಮುರಿದರೆ ಮುಂದೆ ಯಾವ ಪುಸ್ತಕವೂ ಕೂಟವನ್ನು ಸರಿಪಡಿಸಲಾರದು.

ಬಿಡುವು ಕಡಿಮೆ ಇರುವ ಕೂಟಕ್ಕೆ ಸಣ್ಣಕಥೆಗಳಷ್ಟು ಒಗ್ಗುವ ಪ್ರಕಾರ ಇನ್ನೊಂದಿಲ್ಲ. ಕಾದಂಬರಿಯ ಅರ್ಧ ಓದಿದವರಿಗೆ ಚರ್ಚೆಯಲ್ಲಿ ಬಾಯಿ ತೆರೆಯಲು ಹಿಂಜರಿಕೆ. ಸಂಕಲನದಲ್ಲಿ ಒಂದೇ ಕಥೆ ಓದಿ ಬಂದವರೂ ಆ ಕಥೆಯ ಮಟ್ಟಿಗೆ ಪೂರ್ಣ ಓದುಗರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ, ಆ ಪ್ರಶಸ್ತಿ ಸಣ್ಣಕಥೆಗಳ ಸಂಕಲನವೊಂದಕ್ಕೆ ಸಂದದ್ದು ಅದೇ ಮೊದಲು. ದೀಪಾ ಭಾಸ್ತಿ ಅನುವಾದಿಸಿದ ಆ ಪುಸ್ತಕದಲ್ಲಿ 1990ರಿಂದ 2023ರ ನಡುವೆ ಬರೆದ ಕಥೆಗಳಿಂದ ಆಯ್ದ ಹನ್ನೆರಡು ಕಥೆಗಳಿವೆ. ಕೂಟದಲ್ಲಿ ಕೆಲವರಿಗೆ ಕನ್ನಡದ ಓದು, ಕೆಲವರಿಗೆ ಇಂಗ್ಲಿಷಿನ ಓದು ಸಲೀಸಾಗಿದ್ದರೆ ಹೀಗೆ ಎರಡೂ ಭಾಷೆಗಳಲ್ಲಿ ದೊರೆಯುವ ಕೃತಿ ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಅನುವಾದದ ಸಂಕಲನಕ್ಕೂ ಮೂಲದ ಸಂಕಲನಗಳಿಗೂ ಕಥೆಗಳ ಪಟ್ಟಿ ಒಂದೇ ಆಗಿರುವುದಿಲ್ಲವಾದ್ದರಿಂದ, ಪುಸ್ತಕದ ಹೆಸರನ್ನಷ್ಟೇ ಹೇಳದೆ ಓದಬೇಕಾದ ಮೂರು ಕಥೆಗಳ ಹೆಸರುಗಳನ್ನೇ ಎರಡೂ ಭಾಷೆಗಳಲ್ಲಿ ಬರೆದು ಕಳುಹಿಸಬೇಕು. ಮೂರಕ್ಕಿಂತ ಹೆಚ್ಚು ಕಥೆಗಳನ್ನು ಒಂದು ಸಭೆಯಲ್ಲಿ ಚರ್ಚಿಸಲು ಹೊರಟರೆ ಪ್ರತಿಯೊಂದಕ್ಕೂ ಸಿಗುವುದು ಮೇಲುಮೇಲಿನ ಮಾತು. ಕವಿತೆಗಳಿಗೂ ಒಂದು ತಿಂಗಳನ್ನು ಕೊಡಬಹುದು. ನಾಲ್ಕೈದು ಕವಿತೆಗಳನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿ ಮಾತನಾಡಿದರೆ ಮನೆಯಲ್ಲಿ ಓದಿ ಬರುವ ಹೊರೆಯೇ ಇರುವುದಿಲ್ಲ.

ಹಲವು ಪುಸ್ತಕಗಳ ನಡುವೆ ಒಂದನ್ನು ಆರಿಸುವುದು ಹೇಗೆ ಎಂಬ ಪ್ರಶ್ನೆಗೆ ಎಲ್ಲ ಕೂಟಗಳೂ ಕೊಡುವ ಉತ್ತರ ಮತದಾನ. ಕೈ ಎತ್ತಿಸಿ ಎಣಿಸುವ ಕ್ರಮ ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ ಅದರಲ್ಲಿ ಒಂದು ದೋಷ ಅಡಗಿದೆ. ಒಂಬತ್ತು ಸದಸ್ಯೆಯರ ಕೂಟ, ಮುಂದಿರುವುದು ಮೂರು ಪುಸ್ತಕಗಳು: ಒಂದು ಐತಿಹಾಸಿಕ ಕಾದಂಬರಿ, ಒಂದು ಆತ್ಮಕಥೆ, ಒಂದು ಕಥಾಸಂಕಲನ. ನಾಲ್ವರು ಕಾದಂಬರಿಗೂ, ಮೂವರು ಆತ್ಮಕಥೆಗೂ, ಇಬ್ಬರು ಕಥಾಸಂಕಲನಕ್ಕೂ ಕೈ ಎತ್ತಿದರೆಂದುಕೊಳ್ಳಿ. ಕಾದಂಬರಿ ಗೆದ್ದಿತು. ಆದರೆ ಉಳಿದ ಐವರಿಗೂ ಆ ಕಾದಂಬರಿಯೇ ಕೊನೆಯ ಆಯ್ಕೆಯಾಗಿದ್ದರೆ? ಒಂಬತ್ತರಲ್ಲಿ ಐವರು ಬೇಡವೆಂದ ಪುಸ್ತಕವನ್ನು ಒಂಬತ್ತೂ ಮಂದಿ ತಿಂಗಳಿಡೀ ಓದಬೇಕಾಗುತ್ತದೆ. ಫ್ರಾನ್ಸಿನ ಜಾನ್-ಶಾರ್ಲ್ ದ ಬೋರ್ದಾ ಎಂಬ ಗಣಿತಜ್ಞರು 1770ರಲ್ಲಿಯೇ ಈ ತೊಡಕಿಗೆ ಒಂದು ಪರಿಹಾರ ಸೂಚಿಸಿದ್ದರು. ಪ್ರತಿಯೊಬ್ಬರೂ ಮೂರೂ ಪುಸ್ತಕಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆಯಲಿ. ಮೊದಲನೆಯದಕ್ಕೆ ಎರಡು ಅಂಕ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಸೊನ್ನೆ. ಕಾದಂಬರಿಯನ್ನು ಬಯಸಿದ ನಾಲ್ವರೂ ಆತ್ಮಕಥೆಯನ್ನು ಬಯಸಿದ ಮೂವರೂ ಕಥಾಸಂಕಲನಕ್ಕೆ ಎರಡನೆಯ ಸ್ಥಾನ ಕೊಟ್ಟಿದ್ದಾರೆ, ಕಥಾಸಂಕಲನವನ್ನು ಬಯಸಿದ ಇಬ್ಬರು ಆತ್ಮಕಥೆಗೆ ಎರಡನೆಯ ಸ್ಥಾನ ಕೊಟ್ಟಿದ್ದಾರೆ ಎಂದಾದರೆ, ಕಾದಂಬರಿಗೆ 8, ಆತ್ಮಕಥೆಗೆ 8, ಕಥಾಸಂಕಲನಕ್ಕೆ 11 ಅಂಕ ಬರುತ್ತದೆ. ಕೈ ಎತ್ತುವಾಗ ಕೊನೆಯಲ್ಲಿದ್ದ ಪುಸ್ತಕ ಇಲ್ಲಿ ಮೊದಲಾಯಿತು, ಏಕೆಂದರೆ ಅದನ್ನು ಒಲ್ಲೆನೆಂದವರು ಯಾರೂ ಇರಲಿಲ್ಲ. ಚೀಟಿಯಲ್ಲಿ ಬರೆದು ಕೊಡುವುದರಿಂದ ಇನ್ನೊಂದು ಅನುಕೂಲವೂ ಇದೆ. ಹಿರಿಯರು ಅಥವಾ ಹೆಚ್ಚು ಮಾತನಾಡುವವರು ಕೈ ಎತ್ತಿದ ಕಡೆಗೇ ಎಲ್ಲರ ಕೈಯೂ ಏಳುವುದು ತಪ್ಪುತ್ತದೆ.

ಆದರೂ ಮತದಾನವೊಂದನ್ನೇ ನೆಚ್ಚಿಕೊಂಡ ಕೂಟ ಕ್ರಮೇಣ ಯಾರಿಗೂ ಬೇಡವೆನ್ನಿಸದ, ಯಾರನ್ನೂ ಬಹಳ ಕಾಡದ ಪುಸ್ತಕಗಳಲ್ಲೇ ಸುತ್ತತೊಡಗುತ್ತದೆ. ಆದ್ದರಿಂದ ವರ್ಷದ ಅರ್ಧದಷ್ಟು ತಿಂಗಳುಗಳನ್ನಾದರೂ ಸರದಿಯ ಮೇಲೆ ಬಿಟ್ಟುಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸರದಿ ಬಂದವರು ಆರಿಸಿದ ಪುಸ್ತಕದ ಮೇಲೆ ಮತವಿಲ್ಲ. ಪುಟಗಳ ಮಿತಿ, ಪ್ರತಿಗಳ ಲಭ್ಯತೆ, ಮೂರು ಪ್ರಶ್ನೆಗಳು ಇಷ್ಟೇ ಷರತ್ತು. ಸಭೆಯಲ್ಲಿ ಎಂದೂ ಹೆಚ್ಚು ಮಾತನಾಡದವರು ತಮ್ಮ ಸರದಿಯಲ್ಲಿ ತರುವ ಪುಸ್ತಕ ಅವರ ಬಗ್ಗೆ ನಮಗಿದ್ದ ತಿಳಿವಳಿಕೆಯನ್ನೇ ಬದಲಿಸಬಲ್ಲದು. ಪ್ರಶಸ್ತಿಗಳ ಪಟ್ಟಿ, ಪ್ರಸಿದ್ಧರ ಶಿಫಾರಸು ಇವುಗಳಿಂದ ಹೆಸರುಗಳನ್ನು ಪಡೆಯಬಹುದು, ತೀರ್ಪನ್ನು ಪಡೆಯಬಾರದು. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ 1996ರಲ್ಲಿ ತಮ್ಮ ಕಾರ್ಯಕ್ರಮದಲ್ಲಿ ಆರಂಭಿಸಿದ ಓದುಕೂಟ ಲಕ್ಷಾಂತರ ಮಂದಿಯನ್ನು ಓದಿಗೆ ಹಚ್ಚಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿ ಪುಸ್ತಕ ಆರಿಸುವವರಿಗೆ ನಿಮ್ಮ ಒಂಬತ್ತು ಮಂದಿಯ ಪರಿಚಯವಿಲ್ಲ. ಅದು ಇರುವುದು ನಿಮಗೆ.

ಪ್ರತಿ ಸಭೆಯ ಕೊನೆಯಲ್ಲಿ, ಎಲ್ಲರೂ ಹೊರಡುವ ಗಡಿಬಿಡಿಯಲ್ಲಿ ಮುಂದಿನ ಪುಸ್ತಕವನ್ನು ಆರಿಸುವುದು ತಪ್ಪು. ಮೂರು ತಿಂಗಳ ಪುಸ್ತಕಗಳನ್ನು ಒಮ್ಮೆಗೇ ನಿರ್ಧರಿಸಿದರೆ ಪ್ರತಿಗಳನ್ನು ತರಿಸಲು, ಗ್ರಂಥಾಲಯದಲ್ಲಿ ಕಾಯ್ದಿರಿಸಲು, ಒಬ್ಬರಿಂದ ಒಬ್ಬರಿಗೆ ದಾಟಿಸಲು ಸಮಯ ಸಿಗುತ್ತದೆ. ಮಕ್ಕಳ ಪರೀಕ್ಷೆಯ ತಿಂಗಳಿಗೆ ಕವಿತೆಯೋ ಒಂದೆರಡು ಕಥೆಗಳೋ ಸಾಕು. ರಜೆಯ ತಿಂಗಳಲ್ಲಿ ಬಿಡುವು ಹೆಚ್ಚೆಂದು ತೋರುತ್ತದೆಯಾದರೂ ತಾಯಂದಿರಿಗೆ ಅದು ತದ್ವಿರುದ್ಧ. ಆಗ ಮಕ್ಕಳೊಂದಿಗೇ ಓದಬಹುದಾದ ಒಂದು ಮಕ್ಕಳ ಪುಸ್ತಕವನ್ನು ಆರಿಸಿ, ಅದನ್ನು ದೊಡ್ಡವರ ಕೃತಿಯಷ್ಟೇ ಗಂಭೀರವಾಗಿ ಚರ್ಚಿಸಬಹುದು. ಭಾರವಾದ ಕೃತಿಯ ಹಿಂದೆಯೇ ಮತ್ತೊಂದು ಭಾರವಾದ ಕೃತಿ ಬೇಡ. ವರ್ಷದಲ್ಲಿ ಒಂದು ತಿಂಗಳನ್ನು ಪೂರ್ತಿ ಖಾಲಿ ಬಿಟ್ಟು, ಆ ವರ್ಷ ಮುಗಿಸಲಾಗದೆ ಉಳಿದ ಯಾವುದಾದರೂ ಪುಸ್ತಕವನ್ನು ಮುಗಿಸಿ ಬರುವಂತೆ ಹೇಳುವುದು ಬಹಳ ಜನರಿಗೆ ನೆಮ್ಮದಿ ಕೊಡುತ್ತದೆ.

ಮುಗಿಸದಿರುವುದರ ಬಗ್ಗೆಯೂ ಒಂದು ಮಾತು ಸಲ್ಲಬೇಕು. ಫ್ರೆಂಚ್ ಲೇಖಕ ದಾನಿಯೆಲ್ ಪೆನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಪುಟಗಳನ್ನು ಹಾರಿಸುವ ಹಕ್ಕು, ಪುಸ್ತಕವನ್ನು ಅರ್ಧಕ್ಕೇ ಬಿಡುವ ಹಕ್ಕು ಅದರಲ್ಲಿ ಸೇರಿವೆ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದಕ್ಕೊಂದು ಅಳತೆಯನ್ನೂ ಕೊಟ್ಟಿದ್ದಾರೆ. ಐವತ್ತು ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು ಐವತ್ತು ದಾಟಿದವರು ನೂರರಿಂದ ತಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಅರವತ್ತರ ಅಜ್ಜಿ ನಲವತ್ತು ಪುಟಕ್ಕೇ ಬಿಡಬಹುದು. ಈ ನಿಯಮವನ್ನು ಕೂಟ ಬಹಿರಂಗವಾಗಿ ಒಪ್ಪಿಕೊಂಡರೆ, ಓದಿಲ್ಲವೆಂಬ ಸಂಕೋಚಕ್ಕೆ ಸಭೆ ತಪ್ಪಿಸುವವರು ಬರತೊಡಗುತ್ತಾರೆ. ಐವತ್ತನೆಯ ಪುಟಕ್ಕೆ ಬಿಟ್ಟವರು ಏಕೆ ಬಿಟ್ಟೆನೆಂದು ವಿವರಿಸುವುದು ಕೂಡ ಪುಸ್ತಕದ ಬಗೆಗಿನ ಮಾತೇ, ಪೂರ್ತಿ ಓದಿದವರ ಹೊಗಳಿಕೆಗಿಂತ ಎಷ್ಟೋ ಸಲ ಹೆಚ್ಚು ಉಪಯುಕ್ತವಾದ ಮಾತು.

ಆದ್ದರಿಂದ ಪ್ರತಿ ಸಭೆಯ ನಂತರ ಸಂಚಾಲಕಿ ಒಂದು ಪುಸ್ತಕದಲ್ಲಿ ನಾಲ್ಕು ಸಂಗತಿಗಳನ್ನು ಬರೆದಿಡಲಿ: ಯಾರ ಸೂಚನೆ, ಎಷ್ಟು ಪುಟ, ಎಷ್ಟು ಮಂದಿ ಮುಗಿಸಿದರು, ಮುಗಿಸದವರು ಯಾವ ಪುಟದಲ್ಲಿ ನಿಂತರು. ಕೊನೆಯದು ಎಲ್ಲಕ್ಕಿಂತ ಮುಖ್ಯ. ನಾಲ್ವರು ಬೇರೆ ಬೇರೆ ಕಡೆ ನಿಂತಿದ್ದರೆ ಆ ತಿಂಗಳು ಅವರಿಗೆ ಬಿಡುವಿರಲಿಲ್ಲವೆಂದು ತಿಳಿದು, ಮುಂದಿನ ಆಯ್ಕೆಯಲ್ಲಿ ಪುಟಗಳನ್ನು ಕಡಿಮೆ ಮಾಡಬೇಕು. ನಾಲ್ವರೂ ಒಂದೇ ಅಧ್ಯಾಯದ ಆಸುಪಾಸಿನಲ್ಲಿ ನಿಂತಿದ್ದರೆ ಅಡ್ಡಿ ಪುಸ್ತಕದಲ್ಲೇ ಇದೆ. ಮುಂದಿನ ಸಭೆಯ ಆರಂಭದ ಹತ್ತು ನಿಮಿಷವನ್ನು ಆ ಅಧ್ಯಾಯವನ್ನು ಗಟ್ಟಿಯಾಗಿ ಓದುವುದಕ್ಕೆ ಮೀಸಲಿಟ್ಟು, ಅಲ್ಲೇನಾಯಿತೆಂದು ಆ ನಾಲ್ವರನ್ನೇ ಮೊದಲು ಕೇಳಬೇಕು.